ಹುಳುಮನೆ ಸೇರಿದ ಅಂಕಮ್ಮ

ಕಿರುಗಾವಲು ಕಡೆಯ ಚಿಕ್ಕಬೋರಯ್ಯ ಮುಳ್ಳು ಬೆಳೆದಿದ್ದ ಎರಡೆಕರೆಯನ್ನು ಒಬ್ಬನೇ ಕಡಿದು ಹಿಪ್ಪುನೇರಳೆ ನೆಟ್ಟವನು. ಅವನ ಮಗ ನಿಂಗಯ್ಯ, ಒಂದು ಸಲ ರೋಗ ತಗುಲಿ ರೇಷ್ಮೆಹುಳುಗಳೆಲ್ಲ ಸುಣ್ಣದಂತೆ ಬೆಳ್ಳಗೆ ಸೆಟೆದು ಸತ್ತಾಗ ಹುಳು ಸಾಕುವ ತಟ್ಟೆಗಳನ್ನೆಲ್ಲ ಸುಟ್ಟುಹಾಕಿದ. ಅಂದಿನಿಂದ ಕೈಕಾಲು ತೊಳೆಯದ ಯಾರನ್ನೂ ಹುಳುಮನೆಯೊಳಕ್ಕೆ ಬಿಡಲಿಲ್ಲ. ಬೀಗರು ಬಂದರೂ ಅಷ್ಟೇ. ಆ ನಿಂಗಯ್ಯನ ಮಗಳು ಅಂಕಮ್ಮ. ಮದುವೆಯಾಗಿ ಮಳವಳ್ಳಿ ಕಡೆಗೆ ಬರುವಾಗ ತಂದೆಯ ಕಟ್ಟುಪಾಡನ್ನೂ ಜೊತೆಗೆ ತಂದಳು. ಗಂಡನ ಮನೆಯ ಹುಳುಮನೆಗೂ ಅದೇ ನಿಯಮವಾಯಿತು.

ಹೋದ ವರ್ಷ ಅವಳ ಕುತ್ತಿಗೆಯಲ್ಲಿ ಗಂಟುಗಳೆದ್ದವು. ಲಿಂಫೋಮಾ, ಒಂದು ಬಗೆಯ ಕ್ಯಾನ್ಸರು ಎಂದರು ಮೈಸೂರಿನ ಡಾಕ್ಟರು. ಕೀಮೋ ಶುರುವಾಯಿತು. ತಲೆಗೂದಲು ಬಾಚಣಿಗೆಯ ಜೊತೆಗೇ ಕಿತ್ತು ಬಂತು. ಬಾಯಿ ತುಂಬ ಹುಣ್ಣು, ನೀರು ಕುಡಿದರೂ ತುಕ್ಕಿನ ರುಚಿ. ಅದನ್ನೆಲ್ಲ ಹಲ್ಲು ಕಚ್ಚಿ ತಡೆದಳು. ತಡೆಯಲಾಗದೆ ಹೋದದ್ದು ನಮ್ಮ ಜನರನ್ನು.

"ರಕ್ತದಲ್ಲಿ ಬಿಳಿ ಕಣ ಕಮ್ಮಿಯಾಗಿದೆ. ಎರಡು ವಾರ ಯಾರನ್ನೂ ಹತ್ತಿರ ಬಿಡಬೇಡಿ. ಬೇರೆಯವರ ನೆಗಡಿ ಇವರ ಜೀವಕ್ಕೆ ಬಂದೀತು" ಎಂದು ಡಾಕ್ಟರು ಒತ್ತಿ ಹೇಳಿದ್ದರು. ಆದರೆ ನೋಡಿಕೊಂಡು ಹೋಗದಿದ್ದರೆ ನೆಂಟಸ್ತಿಕೆ ಕೆಡುತ್ತದಲ್ಲ! ಎರಡನೇ ಕೀಮೋ ಆದ ವಾರ ಮೂಸಂಬಿ, ಬನ್ನು ಹಿಡಿದು ಬಂದವರು ಮಂಚದ ಮೇಲೇ ಕೂತರು, ಕೆನ್ನೆ ಸವರಿದರು, ಮುಖಕ್ಕೇ ಸೀನಿದರು. ನಾಲ್ಕನೇ ದಿನ ಜ್ವರ ಏರಿತು. ಎಂಟು ದಿನ ಆಸ್ಪತ್ರೆಯಲ್ಲಿ ಸಾವಿನ ಜೊತೆ ಜಗ್ಗಾಡಿ ಬಂದಳು.

ಮೂರನೇ ಕೀಮೋ ಮುಗಿಸಿ ಬಂದ ಮರುದಿನವೇ ನಾದಿನಿ ಕುಸುಮ ಮದ್ದೂರಿನಿಂದ ಆಟೊ ತುಂಬ ಹೆಂಗಸರನ್ನು ಕರೆತಂದಳು. ಒಬ್ಬಳಿಗೆ ಮೂಗು ಸೋರುತ್ತಿತ್ತು. ಗಂಡ ಚಿಕ್ಕಮಾದು ಹಲ್ಲು ಕಿರಿಯುತ್ತ ಬಾಗಿಲು ತೆರೆದ.

"ಯಾರ್ನೂ ಒಳಿಕ್ ಬುಡ್ಬ್ಯಾಡ ಅಂದಿರ್ನಿಲ್ವಾ?" ಎಂದಳು ಅಂಕಮ್ಮ.

"ಬಂದೋರ್ನ ಆಚೆ ನಿಲ್ಸಕಾದದಾ ಕಣಮ್ಮಿ? ಏನನ್ಕಂಡಾರು?"

"ಹುಳಕ್ಕಾದ್ರೆ ನಿಲ್ಸ್ತೀಯ! ಓದ್ ತಿಂಗ್ಳು ಇದೇ ಕುಸುಮುನ್ನ ಹುಳುಮನೆ ಬಾಗ್ಲಲ್ಲಿ ತಡುದು, ಬ್ಲೀಚಿಂಗ್ ಪೌಡ್ರು ತುಳುದ್ ಬಾ ಅಂದೋನು ನೀನೇ ತಾನೆ? ಹುಳಕ್ಕಿರೋ ಬೆಲೆ ನಂಗಿಲ್ವಾ?"

ರೇಷ್ಮೆಗೂಡು ಮಾರಿದ ಮೇಲೆ ತೊಳೆದು ಒಣಗಿಸಿದ್ದ ಹುಳುಮನೆ ಖಾಲಿ ಇತ್ತು. ಅಂಕಮ್ಮ ಚಾಪೆ, ಚೊಂಬು ಎತ್ತಿಕೊಂಡಳು. ಬೋಳು ತಲೆಗೆ ಸೆರಗನ್ನೂ ಹೊದೆಯದೆ ಹೆಂಗಸರ ಮುಂದೆಯೇ ನಡೆದಳು.

"ಏನತ್ಗೆ, ನೀನೂ ಹುಳ ಆಗೋದಾ?" ಎಂದು ಕುಸುಮ ಕಿಸಕ್ಕೆಂದಳು.

"ಊಂ ಕಣೆ. ಹುಳ ಆದ್ಮೇಲಾದ್ರೂ ದೂರ ನಿಂತ್ಕತೀರೇನೊ ಅಂತ."

ಒಳಗಿನಿಂದ ಅಗುಳಿ ಬಿತ್ತು.

ಬಂದವರು ಮೂಗು ಮುರಿದು ಹೊರಟುಹೋದರು. ಕುಸುಮ ಉಳಿದಳು. ಮಧ್ಯಾಹ್ನ ಕಿಟಕಿಯಲ್ಲಿ ಇಣುಕಿದರೆ, ಕೀಮೋದಿಂದ ಮರಗಟ್ಟಿದ ಅಂಕಮ್ಮನ ಬೆರಳುಗಳಿಂದ ಚೊಂಬು ಜಾರಿ ಚಾಪೆಯೆಲ್ಲ ಒದ್ದೆಯಾಗಿತ್ತು. ಕುಸುಮಳ ಕಣ್ಣು ತುಂಬಿತು.

"ನಂಗೆ ಕೆಮ್ಮಿಲ್ಲ, ನೆಗ್ಡಿ ಇಲ್ಲ ಕಣತ್ಗೆ. ಅಗುಳಿ ತಗಿ, ಗಂಜಿ ಕುಡಿಸ್ಬುಟ್ ಓಯ್ತೀನಿ."

"ಬ್ಯಾಡ. ಅಲ್ಲೇ ಮಡಗ್ಬುಟ್ಟು ದೂರ ಓಗು. ಚೆಲ್ಲುದ್ರೆ ನನ್ ಗಂಜಿ ತಾನೆ ಚೆಲ್ಲೋದು? ನಾನೇ ಎತ್ಕಂಡು ಕುಡಿತೀನಿ."