ಹಿಡಿತ ಬಿಡಿಸಿದ ಕಮಲಾ ಕಾಕು

ಕಮಲಾ ಕಾಕು ಅವರ ಎಡಗಿವಿ ಒಣ ಅಂಜೂರದ ಹಾಗೆ ಮುದುಡಿತ್ತು. ಹುಬ್ಬಳ್ಳಿಯಲ್ಲಿ ಹುಡುಗಿಯಾಗಿದ್ದಾಗ ಜೂಡೊ ಆಡಿ, ಚಾಪೆಗೆ ಉಜ್ಜಿ ಉಜ್ಜಿ ಹಾಗಾಗಿತ್ತಂತೆ. ಬೇರೆಯವರಾದರೆ ಕೂದಲಲ್ಲಿ ಮುಚ್ಚುತ್ತಿದ್ದರು. ಇವರು ಕೂದಲನ್ನು ಎತ್ತಿ ಕಟ್ಟಿ, ದೊಡ್ಡ ಜುಮಕಿ ಹಾಕಿಕೊಂಡು ರೈಲ್ವೆ ಆಫೀಸಿಗೆ ಹೊರಡುತ್ತಿದ್ದರು.

ವಡೋದರದ ಫತೇಗಂಜ್‌ನಲ್ಲಿ ನಮ್ಮ ಮೇಲಿನ ಮನೆ ಅವರದು. ಭಾನುವಾರ ತಾರಸಿಯ ಮೇಲೆ ಹಳೆಯ ಹಾಸಿಗೆಗಳನ್ನು ಹಾಸಿ ಹುಡುಗಿಯರಿಗೆ ಹಿಡಿತ ಬಿಡಿಸಿಕೊಳ್ಳುವುದನ್ನು ಕಲಿಸುತ್ತಿದ್ದರು. ನವರಾತ್ರಿ ಹತ್ತಿರವಾದರೆ ಎಲ್ಲರೂ ಗರ್ಬಾ ಕುಣಿತಕ್ಕೆ ಉಡುವ ಚಣಿಯಾ ಚೋಳಿಯಲ್ಲೇ ಬರಬೇಕು, ಘೇರಿನ ಲಂಗ, ಓಢಣಿ ಸಮೇತ.

"ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡ ಬಾ, ಆಮ್ಯಾಲೆ ಹಿಡೀತೀನಿ ಅಂತ ಯಾವನೂ ಹೇಳೂದಿಲ್ಲವ್ವಾ," ಎನ್ನುತ್ತಿದ್ದರು.

ನಾನು ಹೋದದ್ದು ರಸ್ತೆಯ ಭಯಕ್ಕಲ್ಲ. ದೊಡ್ಡಪ್ಪನ ಮಗ ರಾಘು ಸೂರತ್‌ನಿಂದ ಹಬ್ಬಕ್ಕೆ ಬಂದಾಗಲೆಲ್ಲ ನನ್ನ ಕುತ್ತಿಗೆಯನ್ನು ಕಂಕುಳಲ್ಲಿ ಅದುಮಿ, "ಸೋತೆ ಅನ್ನು" ಎನ್ನುತ್ತಿದ್ದ. ಅನ್ನುವವರೆಗೂ ಬಿಡುತ್ತಿರಲಿಲ್ಲ. ಮನೆಯವರೆಲ್ಲ ನಗುತ್ತಿದ್ದರು. ನಾನು ಎಂ.ಎ. ಓದುವಾಗಲೂ ಇದು ನಿಂತಿರಲಿಲ್ಲ. ನಾನೂ ನಗುತ್ತಿದ್ದೆನೇ? ಹೌದು ಎನ್ನುತ್ತಾಳೆ ಅಮ್ಮ. ನನಗೆ ನೆನಪಿರುವುದು ಅವನ ಅಂಗಿಯ ಬೆವರಿನ ವಾಸನೆ.

ಇದನ್ನು ಹೇಳಿದಾಗ, "ನಿನಗ ಬ್ಯಾಡಾಗಿದ್ರ ಅದು ಆಟ ಹೆಂಗಾತು?" ಎಂದು ಕೇಳಿದ ಕಾಕು, ತಾವೇ ನನ್ನ ಕುತ್ತಿಗೆಗೆ ತೋಳು ಬಿಗಿದರು. "ತಲಿ ಎಳೀಬ್ಯಾಡ, ಎಳದಷ್ಟೂ ಬಿಗೀತದ. ಗದ್ದ ಒಳಗ ಹಾಕು. ಅವನ ಎದಿ ಕಡೆ ಮಾರಿ ತಿರುವು. ಮೊದಲ ಉಸಿರು, ಆಮ್ಯಾಲೆ ಸಿಟ್ಟು."

ಎರಡೂ ಕೈಯಿಂದ ಅವನ ಮಣಿಕಟ್ಟನ್ನು ಕೆಳಗೆ ಜಗ್ಗಬೇಕು. ಆಮೇಲೆ ಒಂದು ಕೈ ಅವನ ಬೆನ್ನ ಹಿಂದಿನಿಂದ ಹೆಗಲು ಹತ್ತಿ, ಮೂಗಿನ ಕೆಳಗೆ ಒತ್ತಿ, ತಲೆಯನ್ನು ಹಿಂದಕ್ಕೆ ತಳ್ಳಬೇಕು. ತಲೆ ಹೋದ ಕಡೆ ಮೈ ಹೋಗುತ್ತದೆ. ಅವನ ಕಾಲ ಹಿಂದೆ ನಮ್ಮ ಕಾಲು ಇರಬೇಕು. ಈ ಹೆಜ್ಜೆಯಲ್ಲೇ ನಾನು ಲಂಗ ತುಳಿದು ಮುಗ್ಗರಿಸುತ್ತಿದ್ದೆ.

"ಲಂಗ ಮುಷ್ಟಿಯೊಳಗ ಎತ್ತಿ ಹಿಡಿಯವ್ವಾ. ಅಂವ ಬೀಳಬೇಕು, ನೀ ಅಲ್ಲ."

ಆ ನವರಾತ್ರಿ ಗರ್ಬಾಕ್ಕೆ ಹೊರಟು ನಿಂತಿದ್ದೆ. "ಏನೇ ಗುಜರಾತಿ ರಾಣಿ" ಎಂದು ರಾಘುವಿನ ತೋಳು ಬಂತು. ಗದ್ದ ಒಳಗೆ ಹಾಕಿದೆ. ಉಸಿರು ಉಳಿಯಿತು.

"ಸೋತೆ ಅನ್ನು."

ಅನ್ನಲಿಲ್ಲ. ಮಣಿಕಟ್ಟು ಜಗ್ಗಿದೆ, ಒಂದು ಕೈಯಲ್ಲಿ ಲಂಗ ಎತ್ತಿದೆ, ಇನ್ನೊಂದು ಅವನ ಮೂಗಿನ ಕೆಳಗೆ ತಲುಪಿತು. ಅವನು ಬಿದ್ದನೋ, ಸೋಫಾದ ಅಂಚಿಗೆ ತಾಗಿ ನೆಲಕ್ಕೆ ಕುಕ್ಕರಿಸಿದನೋ, ಖಚಿತವಾಗಿ ಬರೆಯಲಾರೆ. ನೆನಪು ನನ್ನ ಪರವಾಗಿ ಒಂದಿಷ್ಟು ಸೇರಿಸಿರಬಹುದು. ಮನೆಯವರ ನಗು ನಿಂತದ್ದು ಮಾತ್ರ ನಿಜ.

"ದೊಡ್ಡವನ ಮೇಲೆ ಕೈ ಮಾಡ್ತೀಯಾ? ಸಾರಿ ಕೇಳು," ಎಂದಳು ಅಮ್ಮ.

"ಕೇಳಲ್ಲ," ಎಂದು ಗರ್ಬಾಕ್ಕೆ ಹೋದೆ. ರಾಘು ಮತ್ತೆಂದೂ ನನ್ನ ಕುತ್ತಿಗೆ ಮುಟ್ಟಲಿಲ್ಲ. ಆದರೆ ಪ್ರತಿ ಹಬ್ಬಕ್ಕೂ ಅಮ್ಮ ಸಾರಿಯ ಮಾತು ತೆಗೆಯುತ್ತಿದ್ದಳು. ನಾನು ಪ್ರತಿ ಹಬ್ಬಕ್ಕೂ ಅದೇ ಉತ್ತರ ಕೊಡುತ್ತಿದ್ದೆ.

ಕಾಕು ಅವರಿಗೆ ಸೂರತ್ ಪಕ್ಕದ ಉಧ್ನಾಕ್ಕೆ ವರ್ಗವಾಯಿತು. ಸ್ಟೇಷನ್ನಿಗೆ ಅಮ್ಮನೂ ಬಂದಳು. ಚಿತ್ರಾನ್ನದ ಡಬ್ಬಿಯನ್ನು ಅವರ ಕೈಗಿಡುತ್ತಾ, "ಎಲ್ಲ ಒಳ್ಳೇದೇ ಕಲಿಸಿದ್ರಿ. ಆದ್ರೆ ಇವಳು ರಾಘು ಹತ್ರ ಇವತ್ತಿಗೂ ಸಾರಿ ಕೇಳಿಲ್ಲ ನೋಡಿ," ಎಂದಳು.

ಕಾಕು ಕಿಟಕಿಗೆ ಮುಖ ತಂದು ಕೇಳಿದರು. "ಅಂವ ಕೇಳ್ಯಾನೇನ್ರೀ?"

ಅಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ರೈಲು ಹೊರಟಿತು. ಕಾಕು ಅವರನ್ನು ನಾನು ಆಮೇಲೆ ನೋಡಲಿಲ್ಲ. ಅಂದಿನಿಂದ ಯಾವ ಹಬ್ಬಕ್ಕೂ ಅಮ್ಮ ಸಾರಿಯ ಮಾತು ತೆಗೆದಿಲ್ಲ.