ಉಸಿರು ಬಿಡದ ಅಣ್ಣ

ಅವನ ಕುತ್ತಿಗೆಯ ಹಿಂದೆ ಗೋಣಿಯ ನೇಯ್ಗೆ ಅಚ್ಚೊತ್ತಿದೆ. ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಆ ಸಣ್ಣ ಚೌಕಗಳು ಅಳಿಯುವುದಿಲ್ಲ. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಭತ್ತದ ಚೀಲ ಹೊರುವ ಅವನನ್ನು ಓಣಿಯವರೆಲ್ಲ ಹಮಾಲಿ ಎನ್ನುತ್ತಾರೆ. ನನಗೆ ಅಣ್ಣ. ಭಾನುವಾರ ಬೆಳಿಗ್ಗೆ ಆರರ ಬಸ್ಸಿಗೆ ಇಬ್ಬರೂ ಬಾಕ್ಸಿಂಗ್ ಕಲಿಯಲು ರಾಯಚೂರಿಗೆ ಹೋಗುತ್ತಿದ್ದೆವು. ಅವನು ಸೀಟಿನ ನಟ್ಟನಡುವೆ ಕೂರುತ್ತಿದ್ದ. "ನಾ ಕಿಟಕಿ ಕಡಿ ಸರದ್ರ ಬಸ್ಸೇ ವಾಲ್ತದ ನೋಡವ್ವಾ."

ನಮ್ಮ ಉಸ್ತಾದರು ಮೂಲತಃ ಕುಸ್ತಿಯವರು. ಅಣ್ಣನ ಮೇಲೆ ಅವರಿಗೆ ಪ್ರಾಣ. ನೆನೆಸಿದ ಬಾದಾಮಿಯನ್ನು ತಾವೇ ಸುಲಿದು ಅವನ ಬಾಯಿಗಿಡುತ್ತಿದ್ದರು.

ನಾನು ಎಲ್ಲವನ್ನೂ ಎಣಿಸಿ ಪುಸ್ತಕದಲ್ಲಿ ಬರೆದಿಡುವವಳು. ದೇವದುರ್ಗದ ಪಂದ್ಯದ ಪುಟದಲ್ಲಿ ಹೀಗಿದೆ: "ಹೊಡೆತ ಹನ್ನೊಂದು. ಎದುರಾಳಿ ಬಿದ್ದದ್ದು ಮೂವತ್ತೆಂಟನೇ ಸೆಕೆಂಡಿಗೆ. ಅಣ್ಣ ಒಮ್ಮೆಯೂ ಉಸಿರು ಬಿಡಲಿಲ್ಲ. ಎಂಥ ಶಕ್ತಿ!" ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದೇನೆ. ಉಳಿದವರು ಪ್ರತಿ ಹೊಡೆತಕ್ಕೂ 'ಹಸ್' ಎನ್ನುತ್ತಿದ್ದರು. ಅಣ್ಣನ ಬಾಯಿ ಮಾತ್ರ ಬಿಗಿ. ಗಿರಣಿಯಲ್ಲೂ ಅವನ ರೂಢಿ ಅದೇ: ಚೀಲ ಬೆನ್ನಿಗೆ ಬಿದ್ದಾಗ ಹಿಡಿದ ಉಸಿರನ್ನು ಅದನ್ನು ಚೀಲಗಳ ಒಟ್ಟಿಲಿಗೆ ಇಳಿಸಿದ ಮೇಲೆಯೇ ಬಿಡುವುದು.

ಮೊದಲ ಸುತ್ತಿನಲ್ಲೇ ಎದುರಾಳಿ ಮಲಗಿದರೆ ಸರಿ. ಪಂದ್ಯ ಎರಡನೇ ಸುತ್ತಿಗೆ ಹೋಯಿತೋ, ಅಣ್ಣನ ತೋಳು ಇಳಿದುಬಿಡುತ್ತಿತ್ತು. "ತಾಕತ್ತು ಸಾಲವಲ್ದು ಬೇಟಾ, ಇನ್ನ ಹತ್ತು ಚೀಲ ಹೊರು" ಎನ್ನುತ್ತಿದ್ದರು ಉಸ್ತಾದರು. ಗಿರಣಿಯ ಕೆಲಸ ಮುಗಿದ ಮೇಲೂ ಅಣ್ಣ ಹತ್ತು ಚೀಲ ಹೊರುತ್ತಿದ್ದ.

ಜನವರಿ ಹನ್ನೊಂದು, ಭಾನುವಾರ. ರಾಯಚೂರಿನಲ್ಲಿ ರಾಜ್ಯ ತಂಡದ ಆಯ್ಕೆ. ಹೆವಿವೇಟ್‌ಗೆ ಒಂದೇ ಸ್ಥಾನ. ಮುಂದಿನ ವರ್ಷ ಅಣ್ಣನ ವಯಸ್ಸು ಮೀರುತ್ತಿತ್ತು. ಮೊದಲ ಸುತ್ತಿನಲ್ಲಿ ಇಪ್ಪತ್ತಾರು ಹೊಡೆತ! ಎದುರಾಳಿ ಎರಡು ಬಾರಿ ಮಂಡಿಯೂರಿದ. ಕೂಗಿ ಕೂಗಿ ನನ್ನ ಗಂಟಲು ಬಿತ್ತು. ಎರಡನೇ ಸುತ್ತಿನಲ್ಲಿ ಒಂಬತ್ತು. ಮೂರನೆಯದರಲ್ಲಿ ಎರಡು. ಅಣ್ಣ ಸೋತ.

ಉಸ್ತಾದರು ತೀರ್ಪುಗಾರರ ಜೊತೆ ಜಗಳಕ್ಕೆ ನಿಂತಿದ್ದಾಗ ಎದುರಾಳಿಯ ತರಬೇತುದಾರ ನಮ್ಮತ್ತ ಬಂದ. ಕಡ್ಡಿಯಂಥ ಮನುಷ್ಯ. "ಅಣ್ಣಾರ, ಗುದ್ದುವಾಗ ಉಸಿರು ಯಾಕ ಹಿಡಿತೀರಿ? ಒಂದೊಂದು ಗುದ್ದಿಗೆ ಒಂದೊಂದು ಸಲ ಬಿಟ್ಟು ನೋಡ್ರಿ."

ಅರ್ಧ ಗಂಟೆ ಸುಧಾರಿಸಿಕೊಂಡು ಅಣ್ಣ ಮೂಲೆಯಲ್ಲಿ ತೂಗುತ್ತಿದ್ದ, ಗುದ್ದಿ ಅಭ್ಯಾಸ ಮಾಡುವ ಬ್ಯಾಗಿನ ಮುಂದೆ ನಿಂತ. ಹಸ್! ಹಸ್! ನಾನು ಎಣಿಸತೊಡಗಿದೆ. ಒಂದು ಸುತ್ತು, ಎರಡು, ಮೂರು. ತೋಳು ಇಳಿಯಲೇ ಇಲ್ಲ! ತೊಲೆಯ ಧೂಳೆಲ್ಲ ನಮ್ಮ ತಲೆಗೆ ಉದುರಿತು. "ಅಣ್ಣಾ, ಇನ್ನೂರ ಹದಿನಾಲ್ಕು!" ಎಂದು ಕುಣಿದೆ.

"ಲೇ, ಇನ್ನೂ ಅದ, ಎಣಸು!" ಅವನೂ ನಗುತ್ತಿದ್ದ. ಆಮೇಲೆ ನಗು ನಿಂತಿತು. "ನಾ ಉಸಿರು ಹಿಡಿಯೋದು ನಿನ್ನ ಬುಕ್ಕಿನ್ಯಾಗ ಅದ ಏನು?"

ದೇವದುರ್ಗದ ಪುಟ ಓದಿದೆ. ಗೆರೆ ಎಳೆದ ಸಾಲನ್ನೂ ಬಿಡಲಿಲ್ಲ.

"ಎರಡು ವರ್ಷದಿಂದ ಬರದೀಯಲ್ಲವ್ವಾ. ಯಾಕ ಬಿಡವಲ್ಲಿ ಅಂತ ಒಮ್ಮೆರ ಕೇಳಬಾರದಿತ್ತೇನು?"

ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ತಡೆಯಲಾಗದೆ ಪುಟ ಹರಿಯಹೋದೆ. ಅವನು ಗ್ಲೌಸಿನ ಕೈಯನ್ನು ಪುಸ್ತಕದ ಮೇಲಿಟ್ಟ.

"ಹರೀಬ್ಯಾಡ. ಉಸ್ತಾದ್ರಿಗೆ ಮಾತ್ರ ತೋರಸಬ್ಯಾಡ. ಅವ್ರು ತಡಕೊಳ್ಳಂಗಿಲ್ಲ."

ಉಸ್ತಾದರು ಇವತ್ತಿಗೂ ಹೊಸಬರಿಗೆಲ್ಲ ಹೇಳುತ್ತಾರೆ: "ಇನ್ನ ನಾಕು ಚೀಲ ಹೊತ್ತಿದ್ರ ನನ್ನ ಹುಡುಗ ಗೆಲ್ಲತಿದ್ದ."

"ಹೌದ್ರಿ ಉಸ್ತಾದ್, ನಾನೇ ಹೊರಲಿಲ್ಲ" ಎನ್ನುತ್ತಾನೆ ಅಣ್ಣ.

ಅವರು ಚಹಾಕ್ಕೆ ಹೊರಟ ಕೂಡಲೇ ಹೊಸಬರನ್ನು ಬ್ಯಾಗಿನ ಮುಂದೆ ಸಾಲಾಗಿ ನಿಲ್ಲಿಸಿ ಉಸಿರು ಬಿಡುವುದನ್ನು ಕಲಿಸುತ್ತಾನೆ. ನಾನು ಬಾಗಿಲಲ್ಲಿ ನಿಂತು, ಉಸ್ತಾದರು ಬರುತ್ತಾರೇನೋ ಎಂದು ರಸ್ತೆ ಕಾಯುತ್ತೇನೆ.