ಎದುರುಬದುರು ಕೂರಿಸುವ ಸಾಬಮ್ಮ

ಶಿವಾಜಿನಗರದ ಗಲ್ಲಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಸೀದಿಯಿಂದ ಹೊರಬಂದವರು ಚಹಾದಂಗಡಿಯ ಮುಂದೆ ನಿಂತಿದ್ದಾರೆ. ಚಾಂದ್ ಬೀ ಅವರ ಮನೆಯ ಮೆಟ್ಟಿಲ ಮೇಲೆ ಸಾಬಮ್ಮ ಚಪ್ಪಲಿ ಕಳಚಿಟ್ಟು ಕುಳಿತಿದ್ದಾರೆ. ಇದು ಮೂರನೆಯ ಭೇಟಿ. ಏಳು ಗಂಟೆಯ ಮೇಲೆ ಬಂದರೆ ದುಡಿಯುವ ಮನೆಗಳಲ್ಲಿ ಯಾರೂ ಸಿಗುವುದಿಲ್ಲ.

“ಮತ್ತೆ ಬಂದ್ಯಾ? ನಿಂಗೆ ಮನೆ ಮಠ ಇಲ್ವಾ?” ಚಾಂದ್ ಬೀ ಒಳಗಿನಿಂದಲೇ ಕೇಳುತ್ತಾರೆ.

“ಐತಲ್ಲ ಆಪಾ. ಅಲ್ಲಿ ಇಷ್ಟು ಚಂದ ಬೈಯೋರು ಇಲ್ಲ.”

ಒಳಗೆ ಯಾರೋ ನಗುತ್ತಾರೆ. ಚಹಾ ಬರುತ್ತದೆ. ಸಾಬಮ್ಮ ಮುಟ್ಟುವುದಿಲ್ಲ.

“ನಮ್ ಚಾ ಕುಡಿದ್ರೆ ನೌಕ್ರಿ ಹೋಗುತ್ತಾ?”

“ಹೋಗುತ್ತೆ. ಅವನ ರೂಮಲ್ಲೂ ನೀರು ಮುಟ್ಟಿಲ್ಲ, ನಿಮ್ಮನೇಲೂ ಮುಟ್ಟಲ್ಲ. ಇಬ್ರೂ ಕೂತು ಮಾತಾಡಿದ ಮೇಲೆ ಎರಡು ಲೋಟ ಕೊಡಿ.”

‘ಅವನು’ ಎಂದರೆ ಈರೇಶ. ಗರುಡಾಚಾರ್‌ಪಾಳ್ಯದಲ್ಲಿ ವೆಲ್ಡರ್, ರಾಯಚೂರು ಕಡೆಯವನು. ಕಳೆದ ಬೇಸಿಗೆಯಲ್ಲಿ ಅವನ ಬೈಕ್ ಚಾಂದ್ ಬೀ ಅವರಿಗೆ ಗುದ್ದಿತು. ಅವನು ನಿಲ್ಲಲಿಲ್ಲ. ಮನೆಯಲ್ಲೇ ಕುಳಿತು ಬಟ್ಟೆ ಅಂಗಡಿಗಳಿಗೆ ಗುಂಡಿ ಕಾಜಾ ಹೊಲಿಯುತ್ತಿದ್ದ ಚಾಂದ್ ಬೀ ಅವರ ಬಲ ಮಣಿಕಟ್ಟು ಮುರಿಯಿತು. ಪೊಲೀಸರು ಅವನನ್ನು ಹಿಡಿದರು. ಕೋರ್ಟು ಪ್ರಕರಣವನ್ನು ಹಲಸೂರಿನ ಸಂವಾದ ಕೇಂದ್ರಕ್ಕೆ ಕಳಿಸಿತು. ತಪ್ಪು ಮಾಡಿದವರನ್ನೂ ನೊಂದವರನ್ನೂ, ಇಬ್ಬರೂ ಒಪ್ಪಿದರೆ ಮಾತ್ರ, ಒಂದೆಡೆ ಕೂರಿಸಿ ಮಾತಾಡಿಸಲು ಸರ್ಕಾರ ತೆರೆದ ಕೇಂದ್ರ ಅದು. ಚಾಂದ್ ಬೀ ಬಾರದಿದ್ದರೆ ಈರೇಶನಿಗೆ ಶಿಕ್ಷೆಯಾಗಬಹುದು. ಆದರೆ ತಿಂಗಳುಗಳಿಂದ ಅವರನ್ನು ಕೊರೆಯುತ್ತಿರುವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

“ಬರ್ತೀನಿ,” ಎನ್ನುತ್ತಾರೆ ಚಾಂದ್ ಬೀ ಕೊನೆಗೆ. “ಮಾಫಿ ಕೊಡೋಕಲ್ಲ. ಒಂದ್ ಮಾತು ಕೇಳೋಕೆ.”

“ಅಷ್ಟೇ ಸಾಕು. ಮಾಫಿ ಕೊಡಿ ಅಂತ ನಾನ್ಯಾವತ್ತೂ ಕೇಳಲ್ಲ.”

ಸಾಬಮ್ಮ ಯಾದಗಿರಿ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವರು. ಕೆ.ಆರ್. ಪುರಂ ಬಳಿ ಕಟ್ಟುತ್ತಿದ್ದ ಕಟ್ಟಡದಿಂದ ಗಂಡ ಬಿದ್ದು ತೀರಿಕೊಂಡರು. “ಪರಿಹಾರ ಬಂತು. ಹೆಂಗ್ ಬಿದ್ರು, ಆಗ ಪಕ್ಕದಲ್ಲಿ ಯಾರಿದ್ರು ಅಂತ ಹೇಳೋಕೆ ಒಬ್ರೂ ಬರ್ಲಿಲ್ಲ,” ಎನ್ನುತ್ತಾರೆ. 

ಕೇಂದ್ರಕ್ಕೆ ಅವರು ಸೇರಿದ್ದು ಕಸ ಗುಡಿಸಲು. ಆಗ ಇದ್ದದ್ದು ಒಂದು ಕೋಣೆ, ಒಬ್ಬ ಅಧಿಕಾರಿ. ಅಂಚೆಯಲ್ಲಿ ಬಂದ ಸರ್ಕಾರಿ ಲಕೋಟೆ ಕಂಡು ಜನ ಹೆದರುತ್ತಿದ್ದರು, ಯಾರೂ ಬರುತ್ತಿರಲಿಲ್ಲ. ಕನ್ನಡ, ದಖನಿ ಉರ್ದು ಎರಡೂ ಬಲ್ಲ ಸಾಬಮ್ಮನನ್ನು ಅಧಿಕಾರಿ ಪ್ರಿಯದರ್ಶಿನಿ ಮನೆಮನೆಗೆ ಕಳಿಸಿದರು. ಮೊದಲ ತಿಂಗಳೇ ಎಡವಟ್ಟಾಯಿತು. ತಮ್ಮೂರ ಕಡೆಯವರೆಂಬ ಸಲುಗೆಯಲ್ಲಿ ಒಂದು ಮನೆಯಲ್ಲಿ ರೊಟ್ಟಿ ತಿಂದರು. ಸುದ್ದಿ ಎದುರಿನ ಪಕ್ಷಕ್ಕೆ ಮುಟ್ಟಿತು. “ಅವ್ರ ಉಪ್ಪು ತಿಂದೋಳು ನಮ್ ಮಾತು ಕೇಳ್ತಾಳಾ ಅಂದ್ರು. ಬರ್ಲೇ ಇಲ್ಲ.” ಅಂದಿನಿಂದ ನೀರಿನ ಬಾಟಲಿ ಚೀಲದಲ್ಲೇ ಇರುತ್ತದೆ.

ಈಗ ದಿನಕ್ಕೆ ನಾಲ್ಕೈದು ಮನೆ. ಕರೆದವರಲ್ಲಿ ಹತ್ತಕ್ಕೆ ಏಳು ಮಂದಿ ಬರುತ್ತಾರೆ. ಇಲಾಖೆ ‘ಕ್ಷೇತ್ರ ಸಹಾಯಕಿ’ ಎಂಬ ಹುದ್ದೆಯನ್ನೇ ಹೊಸದಾಗಿ ಮಾಡಿದೆ.

ಶನಿವಾರ ಹಲಸೂರಿನಲ್ಲಿ ಇಬ್ಬರೂ ಎದುರುಬದುರು ಕೂರುತ್ತಾರೆ. ಈರೇಶ ಎದ್ದು ನಿಂತು ಒಪ್ಪಿಸುತ್ತಾನೆ: “ನನ್ನ ನಿರ್ಲಕ್ಷ್ಯದಿಂದ ತಮಗಾದ ತೊಂದರೆಗೆ ವಿಷಾದಿಸುತ್ತೇನೆ.”

“ಯಾರು ಹೇಳ್ಕೊಟ್ರು?” ಚಾಂದ್ ಬೀ ಕೇಳುತ್ತಾರೆ.

“ವಕೀಲ್ರು.”

“ಹಂಗಾದ್ರೆ ಅವ್ರೇ ಬರ್ಬೇಕಿತ್ತು. ಕೂತ್ಕೋ. ನಾನ್ ಬಿದ್ದಾಗ ನೀನು ತಿರುಗಿ ನೋಡ್ದೆ. ಆಮೇಲೆ ಹೋದೆ. ಯಾಕೆ?”

ಈರೇಶ ಕುರ್ಚಿಯ ಅಂಚಿನಲ್ಲಿ ಕೂರುತ್ತಾನೆ.

“ನೀವು ಎದ್ದು ಕೂತ್ರಿ ಅನ್ಕೊಂಡು…” ಈರೇಶ ಅರ್ಧಕ್ಕೇ ನಿಲ್ಲಿಸುತ್ತಾನೆ. “ಇಲ್ಲಮ್ಮಾ. ಎದ್ದಿರ್ಲಿಲ್ಲ. ನೋಡ್ದೆ. ನೀವು ರೋಡ್ ಪಕ್ಕಾನೇ ಹೋಗ್ತಿದ್ರಿ, ತಪ್ಪೆಲ್ಲ ನಂದೇ. ಜನ ಸೇರಿ ಹೊಡೀತಾರೆ ಅಂತ ಓಡ್ದೆ.”

ಚಾಂದ್ ಬೀ ಪಕ್ಕದಲ್ಲಿದ್ದ ಮಗಳು ಬುಷ್ರಾಳತ್ತ ತಿರುಗುತ್ತಾರೆ. “ಕೇಳಿಸ್ತಾ? ನಾನು ಅಡ್ಡ ಹೋಗಿಲ್ಲ. ಮನೇಲಿ ಎಲ್ರೂ ನಂದೇ ತಪ್ಪು ಅಂತಿದ್ರಿ.”

ಬುಷ್ರಾ ತಾಯಿಯ ಕೈ ಹಿಡಿಯುತ್ತಾಳೆ. ಈರೇಶ ಅಳುತ್ತಿದ್ದಾನೆ. ಕೈಯ ವ್ಯಾಯಾಮಕ್ಕೆ ವಾರಕ್ಕೊಮ್ಮೆ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುವುದಾಗಿ ಹೇಳುತ್ತಾನೆ.

“ಬೈಕಲ್ಲಿ ಬೇಡಪ್ಪಾ,” ಎನ್ನುತ್ತಾರೆ ಚಾಂದ್ ಬೀ. ಅಳುತ್ತಿದ್ದವನೂ ನಗುತ್ತಾನೆ.

ಆ ವಾರದಿಂದ ಈರೇಶ ಒಂದು ಸಲವೂ ತಪ್ಪಿಸಿಲ್ಲ, ಬಸ್ಸಿನಲ್ಲೇ ಕರೆದೊಯ್ಯುತ್ತಾನೆ. ಕೋರ್ಟು ಅವರ ಒಪ್ಪಂದವನ್ನು ಒಪ್ಪಿಕೊಂಡಿದೆ. ಚಾಂದ್ ಬೀ ಅವರ ಬೆರಳು ಮತ್ತೆ ಸೂಜಿ ಹಿಡಿದಿದೆ. ಈ ತಿಂಗಳು ಕೆ.ಆರ್. ಪುರಂನಲ್ಲಿ ಎರಡನೆಯ ಕೇಂದ್ರ ತೆರೆದಿದೆ, ಕಮ್ಮನಹಳ್ಳಿಯದಕ್ಕೆ ಸುಣ್ಣ ಬಳಿಯುತ್ತಿದ್ದಾರೆ. ಹೊಸ ಸಹಾಯಕಿಯರಿಗೆ ತರಬೇತಿ ಕೊಡುವುದು ಸಾಬಮ್ಮನೇ.

ಯಾದಗಿರಿಯಲ್ಲೂ ಇಂಥದ್ದೊಂದು ಕೇಂದ್ರ ಆಗಲಿ ಎಂಬುದು ಅವರ ಆಸೆ. ಈ ಕೆಲಸದ ಹೆಮ್ಮೆಯ ಬಗ್ಗೆ ಕೇಳಿದರೆ ಸೆರಗು ಸರಿಮಾಡಿಕೊಂಡು ಹೇಳುತ್ತಾರೆ: “ಕೋರ್ಟಲ್ಲಿ ಗೆದ್ದೋರು ಒಂದ್ ಗೇಟು, ಸೋತೋರು ಒಂದ್ ಗೇಟು ಹಿಡಿಯೋದು ನೋಡಿದೀನಿ. ನಮ್ ಹಲಸೂರು ಆಫೀಸಿಗೆ ಇರೋದು ಒಂದೇ ಗೇಟು. ಇಬ್ರೂ ಅದ್ರಲ್ಲೇ ಹೋಗ್ತಾರೆ ರೀ, ಮಾತಾಡ್ಕೊಂಡು.”